ಬಾಯಿಯ ಕ್ಯಾನ್ಸರಿಗೆ ಚಿಕಿತ್ಸೆ ಮುಗಿದ ಮೇಲೆ ಎರಡು ತಿಂಗಳಿಗೊಮ್ಮೆ ಹೋಗುವುದು ಏತಕ್ಕೆ?

ತೋಟದಮನೆ

ನಮ್ಮ ತಂದೆಯವರಿಗೆ ಈಗ 63 ವರ್ಷ. ಸಾಗರದಿಂದ ಒಳಗೆ ನಮ್ಮದೊಂದು ಅಡಿಕೆ ತೋಟವಿದೆ. ಕಳೆದ ವರ್ಷ ಅವರ ಎಡಗೆನ್ನೆಯ ಒಳಗೆ ಎದ್ದ ಹುಣ್ಣನ್ನು ಹಲ್ಲು ತಾಗಿ ಆದದ್ದೆಂದೇ ತಿಳಿದು, ಮನೆಮದ್ದು, ವಿಟಮಿನ್ ಮಾತ್ರೆ, ಮುಲಾಮು ಎಂದು ಮೂರು ತಿಂಗಳು ಕಳೆದೆವು. ಕಡೆಗೆ ಶಿವಮೊಗ್ಗದ ದಂತವೈದ್ಯರೊಬ್ಬರು ನೋಡಿದ ದಿನವೇ ಬಯಾಪ್ಸಿಗೆ ಕಳುಹಿಸಿದರು. ಕ್ಯಾನ್ಸರ್ ಎಂದು ವರದಿ ಬಂತು. ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಕೆನ್ನೆಯ ಆ ಭಾಗವನ್ನೂ ಎಡಗುತ್ತಿಗೆಯ ದುಗ್ಧಗ್ರಂಥಿಗಳನ್ನೂ ತೆಗೆದು, ತೊಡೆಯಿಂದ ಚರ್ಮ ಮಾಂಸ ತಂದು ತುಂಬಿದರು. ಅದಾದ ಮೇಲೆ ಆರು ವಾರಗಳಲ್ಲಿ 30 ಸಲ ಕರೆಂಟು (ವಿಕಿರಣ ಚಿಕಿತ್ಸೆ) ಕೊಡಿಸಿದೆವು. ಅದು ಮುಗಿದು ಎಂಟು ತಿಂಗಳಾಯಿತು.

ಎರಡು ತಿಂಗಳಿಗೊಮ್ಮೆ ಬಂದು ತೋರಿಸಬೇಕೆಂದು ವೈದ್ಯರು ಹೇಳಿದ್ದಾರೆ. ಮೂರು ಸಲ ಹೋಗಿ ಬಂದೆವು. ನಾಲ್ಕನೆಯದು ಸರಿಯಾಗಿ ಕೊನೆಕೊಯ್ಲಿನ ಹೊತ್ತಿಗೆ ಬಂದಿದೆ, ತಂದೆಯವರು ಬರುವುದಿಲ್ಲವೆಂದು ಕುಳಿತಿದ್ದಾರೆ. "ಹೋದರೆ ಬಾಯಿ ತೆಗೆ ಎನ್ನುತ್ತಾರೆ, ಬೆರಳು ಹಾಕಿ ತಡವುತ್ತಾರೆ, ಕುತ್ತಿಗೆ ಹಿಸುಕುತ್ತಾರೆ, ಎರಡು ತಿಂಗಳು ಬಿಟ್ಟು ಬಾ ಎನ್ನುತ್ತಾರೆ. ಇಷ್ಟಕ್ಕೆ ಒಂದು ರಾತ್ರಿ ಹೋಗಿ ಒಂದು ರಾತ್ರಿ ಬರಬೇಕೇ?" ಎಂಬುದು ಅವರ ವಾದ. ನಿಜ ಹೇಳಬೇಕೆಂದರೆ ನನಗೂ ಇದಕ್ಕೆ ಉತ್ತರ ಗೊತ್ತಿಲ್ಲ. ಅಷ್ಟು ದೊಡ್ಡ ಆಸ್ಪತ್ರೆಯಲ್ಲಿ ಒಂದು ಸ್ಕ್ಯಾನನ್ನೂ ಮಾಡದೆ ಐದು ನಿಮಿಷದಲ್ಲಿ ಕಳುಹಿಸಿದರೆ ಅದು ತಪಾಸಣೆ ಹೇಗಾದೀತು?

ಭಾವನವರು, ಆರು ತಿಂಗಳಿಗೊಮ್ಮೆ ಪೆಟ್ ಸ್ಕ್ಯಾನ್ ಮಾಡಿಸಿಬಿಡಿ, ಬೆಂಗಳೂರಿಗೆ ಓಡಾಡುವ ಅಗತ್ಯವೇ ಇಲ್ಲ ಎನ್ನುತ್ತಾರೆ. ನಮ್ಮೂರಿನ ಪ್ರಯೋಗಾಲಯವೊಂದು ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗಿ ಒಂಬತ್ತು ಬಗೆಯ ಟ್ಯೂಮರ್ ಮಾರ್ಕರ್ (ರಕ್ತದಲ್ಲಿ ಸಿಗುವ ಕ್ಯಾನ್ಸರಿನ ಸೂಚಕ) ನೋಡಿಕೊಡುವ ಪ್ಯಾಕೇಜಿನ ಚೀಟಿ ಹಂಚುತ್ತಿದೆ. ಇವೆರಡರಲ್ಲಿ ಯಾವುದು ಮೇಲು?

ತಂದೆಯವರಿಗೆ ನೋವಿಲ್ಲ. ಮೊದಲಿಗಿಂತ ಸುಸ್ತು ಹೆಚ್ಚು, ಮಧ್ಯಾಹ್ನವೂ ಕಂಬಳಿ ಹೊದ್ದು ಮಲಗುತ್ತಾರೆ, ವಯಸ್ಸು ಎಂದುಕೊಂಡಿದ್ದೇವೆ. ಬಾಯಿ ಎರಡು ಬೆರಳಿನಷ್ಟು ಮಾತ್ರ ತೆರೆಯುತ್ತದೆ. ಅಂದ ಹಾಗೆ, ಕೆಳಗಿನ ಎಡಭಾಗದ ದವಡೆ ಹಲ್ಲೊಂದು ಜುಮ್ಮೆನ್ನುತ್ತಿದೆ. ಇಲ್ಲಿಯ ಹೊಸ ದಂತ ಚಿಕಿತ್ಸಾಲಯದಲ್ಲಿ ಬರುವ ಸೋಮವಾರ ಕೀಳಿಸಲು ಸಮಯ ತೆಗೆದುಕೊಂಡಿದ್ದೇವೆ.

ಕತ್ತರಿ-ಸೂಜಿ (ತಲೆ ಮತ್ತು ಕುತ್ತಿಗೆಯ ಶಸ್ತ್ರಚಿಕಿತ್ಸಕ)

ನಿಮ್ಮ ಪ್ರಶ್ನೆಗಳಿಗೆ ಆಮೇಲೆ ಬರುತ್ತೇನೆ. ಮೊದಲು ಸೋಮವಾರದ ಆ ಹಲ್ಲು ಕೀಳಿಸುವುದನ್ನು ನಿಲ್ಲಿಸಿ. ನಿಮ್ಮ ತಂದೆಯವರಿಗೆ ವಿಕಿರಣ ಚಿಕಿತ್ಸೆ ಕೊಟ್ಟ ವೈದ್ಯರಿಗೆ ಇಂದೇ ಫೋನ್ ಮಾಡಿ, ಆ ಹಲ್ಲಿರುವ ಜಾಗಕ್ಕೆ ಎಷ್ಟು ಗ್ರೇ (ವಿಕಿರಣದ ಅಳತೆ) ವಿಕಿರಣ ಬಿದ್ದಿದೆ ಎಂದು ಕೇಳಿ.

ವಿಕಿರಣ ಬಿದ್ದ ಕೆಳದವಡೆಯ ಮೂಳೆಯಲ್ಲಿ ಸಣ್ಣ ರಕ್ತನಾಳಗಳು ಸೊರಗಿರುತ್ತವೆ. ಹಲ್ಲು ಕಿತ್ತ ಗುಳಿ ಮಾಯದೆ, ಮೂಳೆ ಬರಿದಾಗಿ ಸಾಯುವ ಸಂಭವವಿದೆ. ಇದನ್ನು ಆಸ್ಟಿಯೋರೇಡಿಯೋನೆಕ್ರೋಸಿಸ್ ಎನ್ನುತ್ತೇವೆ. ಈ ಅಪಾಯ ಆರು ತಿಂಗಳಿಗೋ ಎರಡು ವರ್ಷಕ್ಕೋ ತೀರುವಂಥದ್ದಲ್ಲ, ಬದುಕಿರುವವರೆಗೂ ಇರುತ್ತದೆ. ವಿಕಿರಣ ಆರಂಭಿಸುವ ಮೊದಲೇ ಹಾಳಾದ ಹಲ್ಲುಗಳನ್ನೆಲ್ಲ ಕೀಳಿಸಿ ಗಾಯ ಮಾಯಲು ಬಿಡುವುದು ಇದೇ ಕಾರಣಕ್ಕೆ. ಈಗ ಕೀಳುವುದು ಅನಿವಾರ್ಯವೇ ಆದರೆ ಅದನ್ನು ಮಾಡುವ ರೀತಿ ಬೇರೆ, ಮಾಡುವ ಜಾಗವೂ ಬೇರೆ. ಬಹಳ ಸಲ ಬೇರುನಾಳದ ಚಿಕಿತ್ಸೆ ಮಾಡಿ ಹಲ್ಲನ್ನು ಅಲ್ಲಿಯೇ ಉಳಿಸಬಹುದು.

ಶ್ವೇತವಸ್ತ್ರ (ನಿವೃತ್ತ ಶುಶ್ರೂಷಕಿ, ಬೆಂಗಳೂರು)

ಮೇಲಿನ ವೈದ್ಯರು ಹೇಳಿದ್ದಕ್ಕೆ ನನ್ನದೊಂದು ಮಾತು. ಡಿಸ್‌ಚಾರ್ಜ್ ಸಾರಾಂಶ, ಶಸ್ತ್ರಚಿಕಿತ್ಸೆಯ ನಂತರದ ರೋಗಶಾಸ್ತ್ರ ವರದಿ ಮತ್ತು ವಿಕಿರಣ ಚಿಕಿತ್ಸೆಯ ಸಾರಾಂಶ, ಈ ಮೂರು ಕಾಗದಗಳು ನಿಮ್ಮ ಕಡತದಲ್ಲಿವೆಯೇ ನೋಡಿಕೊಳ್ಳಿ. ಮೂರನೆಯದು ಎಷ್ಟೋ ಜನರ ಬಳಿ ಇರುವುದಿಲ್ಲ. ಕೇಳಿದರೆ ಕೊಡುತ್ತಾರೆ, ಕೇಳದಿದ್ದರೆ ಅಲ್ಲೇ ಉಳಿಯುತ್ತದೆ. ಮೂವತ್ತು ವರ್ಷ ಹೊರರೋಗಿ ವಿಭಾಗದಲ್ಲಿ ನಿಂತು ನೋಡಿದ್ದೇನೆ, ಜನ ಸ್ಕ್ಯಾನಿನ ದೊಡ್ಡ ಲಕೋಟೆಗಳನ್ನು ಎದೆಗೆ ಅವಚಿಕೊಂಡು ಬರುತ್ತಾರೆ, ಕೆಲಸಕ್ಕೆ ಬರುವ ಎರಡು ಹಾಳೆಗಳನ್ನು ಮನೆಯಲ್ಲಿ ಬಿಟ್ಟಿರುತ್ತಾರೆ.

ತೋಟದಮನೆ

ಹಲ್ಲು ಕೀಳಿಸುವುದನ್ನು ನಿಲ್ಲಿಸಿದ್ದೇವೆ. ಮೈ ಜುಮ್ಮೆಂದಿತು, ಏಕೆಂದರೆ ಆ ಮಾತನ್ನು ನಾನು ಪ್ರಶ್ನೆಯ ಭಾಗವೆಂದು ಬರೆದಿರಲೇ ಇಲ್ಲ. ಎರಡು ಕಾಗದ ಸಿಕ್ಕವು. ರೋಗಶಾಸ್ತ್ರ ವರದಿಯಲ್ಲಿರುವುದು ಇಷ್ಟು: ಮಧ್ಯಮ ದರ್ಜೆಯ ಸ್ಕ್ವೇಮಸ್ ಸೆಲ್ ಕಾರ್ಸಿನೋಮ, ಗಾತ್ರ 2.8 ಸೆಂಟಿಮೀಟರ್, ಆಳ 8 ಮಿಲಿಮೀಟರ್, ಅತಿ ಹತ್ತಿರದ ಅಂಚು 6 ಮಿಲಿಮೀಟರ್, ನರದ ಸುತ್ತ ಹರಡಿಕೆ ಇದೆ, 34 ಗ್ರಂಥಿಗಳಲ್ಲಿ ಒಂದರಲ್ಲಿ ಕ್ಯಾನ್ಸರ್, ಗ್ರಂಥಿಯ ಕವಚ ದಾಟಿಲ್ಲ. ವಿಕಿರಣ ಸಾರಾಂಶವನ್ನು ಕೇಳಿ ತರಿಸುತ್ತೇವೆ.

ಕತ್ತರಿ-ಸೂಜಿ

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ. ನಿಮ್ಮ ತಂದೆಯವರು ಐದು ನಿಮಿಷದ ಆ ತಪಾಸಣೆಯನ್ನು ಬಹಳ ಚೆನ್ನಾಗಿ ವರ್ಣಿಸಿದ್ದಾರೆ. ನಾವು ಮಾಡುವುದು ನಿಜವಾಗಿಯೂ ಅಷ್ಟೇ. ಆದರೆ ಆ ಬೆರಳು ಏನನ್ನು ಹುಡುಕುತ್ತಿದೆ ಎಂಬುದನ್ನು ಯಾರೂ ಅವರಿಗೆ ಹೇಳಿಲ್ಲ, ಅದು ನಮ್ಮ ತಪ್ಪು.

ಬಾಯಿಯ ಕ್ಯಾನ್ಸರ್ ಮರಳುವುದಿದ್ದರೆ ಹೆಚ್ಚಿನ ಪಾಲು ಮೊದಲ ಎರಡು ವರ್ಷಗಳಲ್ಲಿ, ಅದೂ ಮೊದಲು ಇದ್ದ ಜಾಗದ ಅಂಚಿನಲ್ಲಿ ಇಲ್ಲವೇ ಕುತ್ತಿಗೆಯಲ್ಲಿ ಮರಳುತ್ತದೆ. ಆದ್ದರಿಂದಲೇ ಬಳಕೆಯಲ್ಲಿರುವ ಮಾರ್ಗಸೂಚಿಗಳು ಮೊದಲ ವರ್ಷ ಒಂದರಿಂದ ಮೂರು ತಿಂಗಳಿಗೊಮ್ಮೆ, ಎರಡನೆಯ ವರ್ಷ ಎರಡರಿಂದ ಆರು ತಿಂಗಳಿಗೊಮ್ಮೆ, ಮೂರರಿಂದ ಐದನೆಯ ವರ್ಷದವರೆಗೆ ನಾಲ್ಕರಿಂದ ಎಂಟು ತಿಂಗಳಿಗೊಮ್ಮೆ, ಅನಂತರ ವರ್ಷಕ್ಕೊಮ್ಮೆ ನೋಡಲು ಹೇಳುತ್ತವೆ. ಕೂಡಿಸಿದ ತೊಡೆಯ ಮಾಂಸ ಮತ್ತು ಕೆನ್ನೆಯ ಸ್ವಂತ ಪದರ ಸೇರುವ ಗೆರೆಯ ಮೇಲೆ ಬೆರಳಾಡಿಸಿದಾಗ ಹೊಲಿಗೆಯ ಗಟ್ಟಿತನ ಒಂದು ಬಗೆಯಲ್ಲಿರುತ್ತದೆ, ಕ್ಯಾನ್ಸರಿನ ಗಟ್ಟಿತನ ಇನ್ನೊಂದು ಬಗೆಯಲ್ಲಿರುತ್ತದೆ. ಎರಡು ತಿಂಗಳ ಹಿಂದೆ ಇಲ್ಲದ ಒಂದು ಬಿಗುವು ಇಂದು ಇದ್ದರೆ ಅದು ತಿಳಿಯುವುದು ಅದೇ ಬಾಯನ್ನು ಮೊದಲೂ ಮುಟ್ಟಿದ್ದ ಬೆರಳಿಗೆ. ಪ್ರತಿ ಸಲವೂ ಬೇರೆ ಬೇರೆ ಕಡೆ ತೋರಿಸುವುದರಲ್ಲಿ ಕಳೆದುಹೋಗುವುದು ಈ ಹೋಲಿಕೆಯೇ.

ಪೆಟ್ ಸ್ಕ್ಯಾನಿನ ಬಗ್ಗೆ ಹೇಳುವುದಾದರೆ, ಅದು ಕ್ಯಾನ್ಸರನ್ನು ನೋಡುವುದಿಲ್ಲ, ಚುಚ್ಚಿದ ಸಕ್ಕರೆಯಂಥ ವಸ್ತುವನ್ನು ಎಲ್ಲಿಯ ಜೀವಕೋಶಗಳು ಹೆಚ್ಚು ಹೀರುತ್ತಿವೆ ಎಂಬುದನ್ನು ನೋಡುತ್ತದೆ. ಉರಿಯೂತವೂ ಹೀರುತ್ತದೆ, ಕೀವಾದ ಹಲ್ಲಿನ ಬೇರೂ ಹೀರುತ್ತದೆ, ಮಾಯುತ್ತಿರುವ ಗಾಯವೂ ಹೀರುತ್ತದೆ. ವಿಕಿರಣ ಮುಗಿದ ಹೊಸತರಲ್ಲಿ ಇಡೀ ಬಾಯಿಯೇ ಹೊಳೆಯಬಹುದಾದ್ದರಿಂದ ಸಾಮಾನ್ಯವಾಗಿ ಕನಿಷ್ಠ 12 ವಾರ ಕಾಯುತ್ತೇವೆ. 2016ರಲ್ಲಿ ಪ್ರಕಟವಾದ ಬ್ರಿಟನ್ನಿನ 'ಪೆಟ್-ನೆಕ್' ಅಧ್ಯಯನವನ್ನು ಹಲವರು ಇಲ್ಲಿ ಎಳೆದು ತರುತ್ತಾರೆ. ಅದರಲ್ಲಿ 564 ರೋಗಿಗಳಿದ್ದರು. ಕೀಮೋ ಮತ್ತು ವಿಕಿರಣ ಮುಗಿದ 12 ವಾರಗಳ ಬಳಿಕ ಪೆಟ್ ಸ್ಕ್ಯಾನ್ ಮಾಡಿ, ಅಗತ್ಯವಿದ್ದವರಿಗೆ ಮಾತ್ರ ಕುತ್ತಿಗೆಯ ಶಸ್ತ್ರಚಿಕಿತ್ಸೆ ಮಾಡಿದರೂ ಎರಡು ವರ್ಷದ ಬದುಕುಳಿವು ಕಡಿಮೆಯಾಗಲಿಲ್ಲ. ಸ್ಕ್ಯಾನ್ ಗುಂಪಿನಲ್ಲಿ ಶೇಕಡಾ 84.9, ನೇರವಾಗಿ ಶಸ್ತ್ರಚಿಕಿತ್ಸೆಗೆ ಯೋಜಿಸಿದ ಗುಂಪಿನಲ್ಲಿ 81.5. ಆದರೆ ಆ ರೋಗಿಗಳಲ್ಲಿ ಬಹುಪಾಲು ಜನರದು ಗಂಟಲಿನ ಕ್ಯಾನ್ಸರ್. ಕುತ್ತಿಗೆಯ ಗ್ರಂಥಿಗಳನ್ನು ತೆಗೆಯದೆಯೇ ಚಿಕಿತ್ಸೆ ಪಡೆದವರು ಅವರು. ನಿಮ್ಮ ತಂದೆಯವರ ಗ್ರಂಥಿಗಳನ್ನು ಮೊದಲೇ ತೆಗೆದಾಗಿದೆ. ಆ ಅಧ್ಯಯನ ಕೇಳಿದ ಪ್ರಶ್ನೆ ನಿಮ್ಮ ಮನೆಯ ಪ್ರಶ್ನೆಯಲ್ಲ.

ಚಿಕಿತ್ಸೆ ಮುಗಿದ ಮೂರರಿಂದ ಆರು ತಿಂಗಳೊಳಗೆ ಒಂದು ಸಿ.ಟಿ. ಅಥವಾ ಎಂ.ಆರ್.ಐ. ತೆಗೆದಿಟ್ಟುಕೊಳ್ಳುವುದು ಒಳ್ಳೆಯದು, ಮುಂದೆ ಏನಾದರೂ ಸಂಶಯ ಬಂದರೆ ಹೋಲಿಸಲು ಒಂದು ಆಧಾರಚಿತ್ರವಿರುತ್ತದೆ. ಅನಂತರ ಲಕ್ಷಣವಿದ್ದರೆ ಸ್ಕ್ಯಾನ್, ಬೆರಳಿಗೆ ಅನುಮಾನ ಬಂದರೆ ಸ್ಕ್ಯಾನ್. ಟ್ಯೂಮರ್ ಮಾರ್ಕರ್ ಪ್ಯಾಕೇಜಿನ ಮೇಲೆ ಒಂದು ರೂಪಾಯಿಯನ್ನೂ ಕಳೆಯಬೇಡಿ. ಸಿ.ಇ.ಎ. ದೊಡ್ಡ ಕರುಳಿನ ಕ್ಯಾನ್ಸರಿನ ಮರುತಪಾಸಣೆಯಲ್ಲಿ ಉಪಯುಕ್ತ, ಪಿ.ಎಸ್.ಎ. ಪ್ರಾಸ್ಟೇಟಿನಲ್ಲಿ ಉಪಯುಕ್ತ, ಬಾಯಿಯ ಕ್ಯಾನ್ಸರ್ ಮರಳಿದೆಯೇ ಎಂದು ಹೇಳುವ ರಕ್ತಪರೀಕ್ಷೆ ನಿತ್ಯದ ಬಳಕೆಯಲ್ಲಿ ಇಲ್ಲ. ಒಂಬತ್ತೂ ಸಹಜವಾಗಿ ಬಂದರೆ ನಿಮ್ಮ ತಂದೆಯವರು ಬೆಂಗಳೂರಿಗೆ ಹೋಗದಿರಲು ಅದನ್ನೇ ನೆಪ ಮಾಡುತ್ತಾರೆ, ಒಂದು ಅಸಹಜವಾಗಿ ಬಂದರೆ ಇಲ್ಲದ ರೋಗವನ್ನು ಹುಡುಕುತ್ತಾ ನೀವು ಅಲೆಯುತ್ತೀರಿ.

ಆದರೆ ಒಂದು ರಕ್ತಪರೀಕ್ಷೆ ಅವಶ್ಯವಾಗಿ ಬೇಕು. ಕುತ್ತಿಗೆಗೆ ವಿಕಿರಣ ಬಿದ್ದವರಲ್ಲಿ ಥೈರಾಯ್ಡ್ ನಿಧಾನವಾಗಿ ಸೋಲುವುದು ಬಹಳ ಸಾಮಾನ್ಯ, ಅದಕ್ಕಾಗಿ ಆರರಿಂದ 12 ತಿಂಗಳಿಗೊಮ್ಮೆ ಟಿ.ಎಸ್.ಎಚ್. ನೋಡಬೇಕು. ಸುಸ್ತು, ಚಳಿ, ಹಗಲು ನಿದ್ದೆ ಎಂದು ಬರೆದಿದ್ದೀರಿ. ವಯಸ್ಸಿನ ಮೇಲೆ ಹೊರಿಸುವ ಮೊದಲು ಅದೊಂದನ್ನು ಸಾಗರದಲ್ಲೇ ಮಾಡಿಸಿ.

ಪುರಾವೆ ಎಲ್ಲಿ

ವೈದ್ಯರ ಮೇಲೆ ಗೌರವವಿಟ್ಟುಕೊಂಡೇ ಒಂದು ಆಕ್ಷೇಪ. ಮರುತಪಾಸಣೆ ಬೇಕೇ ಬೇಕು ಎಂಬುದು ವೃತ್ತಿಯ ನಂಬಿಕೆಯೋ, ಪರೀಕ್ಷಿಸಿದ ಸತ್ಯವೋ? ಇಟಲಿಯ 20 ಆಸ್ಪತ್ರೆಗಳಲ್ಲಿ ಸ್ತನ ಕ್ಯಾನ್ಸರಿನ ಚಿಕಿತ್ಸೆ ಮುಗಿಸಿದ 1320 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ನಿಯತವಾಗಿ ಮೂಳೆ ಸ್ಕ್ಯಾನ್, ಯಕೃತ್ತಿನ ಅಲ್ಟ್ರಾಸೌಂಡ್, ಎದೆಯ ಎಕ್ಸ್‌ರೇ, ರಕ್ತಪರೀಕ್ಷೆಗಳನ್ನು ಮಾಡಿದರು. 1994ರಲ್ಲಿ ಬಂದ ಫಲಿತಾಂಶದಲ್ಲಿ ಆ ಗುಂಪು ಹೆಚ್ಚು ಬದುಕಲಿಲ್ಲ. ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ 2018ರ 'ಕೊಲೊಫೋಲ್' ಅಧ್ಯಯನ 2509 ರೋಗಿಗಳನ್ನು ನೋಡಿ ಹೆಚ್ಚುಕಡಿಮೆ ಇದೇ ಮಾತು ಹೇಳಿತು. ಐದು ವರ್ಷದ ಮರಣ ಪ್ರಮಾಣ ಹೆಚ್ಚು ಪರೀಕ್ಷೆಯ ಗುಂಪಿನಲ್ಲಿ ಶೇಕಡಾ 13, ಕಡಿಮೆ ಪರೀಕ್ಷೆಯ ಗುಂಪಿನಲ್ಲಿ 14.1, ಆ ಅಂತರ ಲೆಕ್ಕಕ್ಕೆ ಬರುವಂಥದ್ದಲ್ಲ. ಹಾಗಿರುವಾಗ ಕೊನೆಕೊಯ್ಲು ಬಿಟ್ಟು ಬಾ ಎಂದು ಒಬ್ಬ ರೈತನಿಗೆ ಯಾವ ಬಾಯಲ್ಲಿ ಹೇಳುವುದು?

ಕತ್ತರಿ-ಸೂಜಿ

ಒಳ್ಳೆಯ ಆಕ್ಷೇಪ. ಆ ಎರಡೂ ಅಧ್ಯಯನಗಳನ್ನು ನಾನು ನನ್ನ ಪರವಾಗಿಯೇ ಓದುತ್ತೇನೆ. ಅವು ಹೋಲಿಸಿದ್ದು ಹೆಚ್ಚು ಪರೀಕ್ಷೆಯನ್ನು ಕಡಿಮೆ ಪರೀಕ್ಷೆಯೊಡನೆ. ತಪಾಸಣೆಯನ್ನು ತಪಾಸಣೆಯೇ ಇಲ್ಲದಿರುವುದರೊಡನೆ ಅಲ್ಲ. ಇಟಲಿಯ ಅಧ್ಯಯನದ ಕಡಿಮೆ ಪರೀಕ್ಷೆಯ ಗುಂಪಿನವರನ್ನೂ ವೈದ್ಯರು ಕೈಯಿಂದ ಮುಟ್ಟಿ ನೋಡುತ್ತಲೇ ಇದ್ದರು, ಅವರಿಗೂ ಮ್ಯಾಮೊಗ್ರಾಂ ಆಗುತ್ತಿತ್ತು. ಬಿಟ್ಟದ್ದು ಯಂತ್ರಗಳ ಮೆರವಣಿಗೆಯನ್ನು. ಅದನ್ನೇ ನಾನೂ ಬಿಡಿ ಎನ್ನುತ್ತಿರುವುದು.

ಇನ್ನೊಂದು ವ್ಯತ್ಯಾಸವಿದೆ. ಸ್ತನ ಕ್ಯಾನ್ಸರ್ ಮೂಳೆಗೋ ಯಕೃತ್ತಿಗೋ ಹೋದಮೇಲೆ ಅದನ್ನು ಎರಡು ತಿಂಗಳು ಮೊದಲೇ ಕಂಡರೂ ಮುಂದಿನ ದಾರಿ ಹೆಚ್ಚು ಬದಲಾಗುವುದಿಲ್ಲ. ಕೆನ್ನೆಯ ಅಂಚಿನಲ್ಲಿ ಮರಳಿದ ಒಂದು ಸೆಂಟಿಮೀಟರಿನ ಗಂಟನ್ನು ಕತ್ತರಿಸಬಹುದು. ಅದೇ ಗಂಟು ಜಗಿಯುವ ಸ್ನಾಯುಗಳನ್ನು ಹಿಡಿದು ತಲೆಬುರುಡೆಯ ಬುಡಕ್ಕೆ ಹತ್ತಿದಮೇಲೆ ನಾನು ಕೈ ತೊಳೆದುಕೊಂಡು ಹೊರಗೆ ಬರಬೇಕಾಗುತ್ತದೆ.

ಆದರೂ ಒಂದು ವಿಷಯವನ್ನು ಒಪ್ಪಿಕೊಳ್ಳುತ್ತೇನೆ. ಮೊದಲ ಚಿಕಿತ್ಸೆಯಲ್ಲಿ ಬಿಟ್ಟುಹೋದದ್ದನ್ನು ಮರುತಪಾಸಣೆ ತುಂಬಿಕೊಡಲಾರದು. ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ಸಾಕ್ಷಿ. ಕುತ್ತಿಗೆಯಲ್ಲಿ ಏನೂ ಕೈಗೆ ಸಿಗದ, ಆರಂಭದ ಹಂತದ ಬಾಯಿಯ ಕ್ಯಾನ್ಸರಿನ 500 ರೋಗಿಗಳಲ್ಲಿ ಅರ್ಧದಷ್ಟು ಜನರ ಗ್ರಂಥಿಗಳನ್ನು ಮೊದಲೇ ತೆಗೆದರು, ಉಳಿದವರನ್ನು ಎಚ್ಚರಿಕೆಯಿಂದ ಕಾಯುತ್ತಾ ಗ್ರಂಥಿ ಕಂಡಾಗ ತೆಗೆದರು. ಮೂರು ವರ್ಷದ ಹೊತ್ತಿಗೆ ಮೊದಲ ಗುಂಪಿನಲ್ಲಿ ಶೇಕಡಾ 80 ಜನ ಬದುಕಿದ್ದರೆ ಎರಡನೆಯದರಲ್ಲಿ 67.5. ಕಾಯುತ್ತಿದ್ದವರೇನೂ ಅಸಡ್ಡೆಯವರಲ್ಲ, ಗೊತ್ತಾದ ದಿನಕ್ಕೆ ಬಂದು ತೋರಿಸುತ್ತಿದ್ದವರೇ. ಆದ್ದರಿಂದ ನಿಮ್ಮ ಸಂಶಯವನ್ನು ತಳ್ಳಿಹಾಕುತ್ತಿಲ್ಲ. ತೋಟದಮನೆಯವರ ತಂದೆಗೆ ಆ ಮೊದಲ ಕೆಲಸ ಸರಿಯಾಗಿ ಆಗಿದೆ, ಅದಕ್ಕಾಗಿಯೇ ಮುಂದಿನ ಕಾವಲಿಗೆ ಅರ್ಥವಿದೆ ಎನ್ನುತ್ತಿದ್ದೇನೆ.

ಏಳನೇ ವರ್ಷ

ನಾನು ನಾಲಗೆಯ ಕ್ಯಾನ್ಸರಿನಿಂದ ಹೊರಗೆ ಬಂದು ಏಳನೆಯ ವರ್ಷ ನಡೆಯುತ್ತಿದೆ. ವೈದ್ಯರು ಹೇಳುವುದೆಲ್ಲ ರೋಗ ಮರಳುವ ಮಾತು. ನನಗೆ ಈ ತಪಾಸಣೆಗಳಿಂದ ಸಿಕ್ಕ ಲಾಭ ಬೇರೆಯದು, ಅದನ್ನು ತಂದೆಯವರಿಗೆ ಓದಿ ಹೇಳಿ.

ಮೊದಲ ವರ್ಷ ನನ್ನ ಎಡ ಭುಜ ಜೋಲುಬಿದ್ದಿತ್ತು, ಅಂಗಿ ಹಾಕಿಕೊಳ್ಳಲು ಹೆಂಡತಿಯನ್ನು ಕರೆಯಬೇಕಾಗುತ್ತಿತ್ತು. ಕುತ್ತಿಗೆಯ ಗ್ರಂಥಿ ತೆಗೆಯುವಾಗ ಭುಜವನ್ನೆತ್ತುವ ನರಕ್ಕೆ ಏಟಾಗಿರುತ್ತದೆಂದೂ ಅದಕ್ಕೆ ವ್ಯಾಯಾಮವಿದೆಯೆಂದೂ ಹೇಳಿದ್ದು ನಾಲ್ಕನೆಯ ತಪಾಸಣೆಯಲ್ಲಿ, ಅದೂ ನಾನು ಹೊರಡುವಾಗ ಚೀಲ ಎತ್ತಲಾಗದ್ದನ್ನು ಅಲ್ಲಿಯ ಕಿರಿಯ ವೈದ್ಯೆಯೊಬ್ಬರು ಕಂಡದ್ದರಿಂದ. ಬಾಯಿ ಬಿಗಿಯುವುದಕ್ಕೂ ಹಾಗೆಯೇ. ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ, ಹಲ್ಲುಗಳ ನಡುವೆ ಇಟ್ಟು, ದಿನಕ್ಕೆ ಐದಾರು ಸಲ ಹಿಡಿದುಕೊಳ್ಳಬೇಕು. ವಾರಕ್ಕೊಂದು ಕಡ್ಡಿಯಂತೆ ಹೆಚ್ಚಿಸುತ್ತಾ ಹೋಗಬೇಕು. ಕೇಳಲು ಮಕ್ಕಳಾಟದಂತಿದೆ. ನಾನು 12 ಕಡ್ಡಿಯಿಂದ ಆರಂಭಿಸಿದೆ, ಈಗ ರೊಟ್ಟಿ ತಿನ್ನುತ್ತೇನೆ.

ಸ್ಕ್ಯಾನಿನ ಬಗ್ಗೆಯೂ ನನ್ನದೊಂದು ಕಥೆಯಿದೆ. ಎರಡನೆಯ ವರ್ಷ ಧೈರ್ಯ ಸಾಲದೆ, ವೈದ್ಯರನ್ನು ಕೇಳದೆ, ಒಂದು ಖಾಸಗಿ ಕೇಂದ್ರದಲ್ಲಿ ನಾನೇ ಪೆಟ್ ಸ್ಕ್ಯಾನ್ ಮಾಡಿಸಿಕೊಂಡೆ. ಶ್ವಾಸಕೋಶದ ನಡುವಿನ ಒಂದು ಗ್ರಂಥಿ ಹೊಳೆಯಿತು. ವರದಿಯಲ್ಲಿ ಕ್ಯಾನ್ಸರ್ ಹರಡಿರುವ ಸಾಧ್ಯತೆ ಎಂದು ಬರೆದರು. ಅಲ್ಲಿಂದ ಮುಂದೆ ಹದಿನೇಳು ದಿನ ನಾನು ಮನೆಯಲ್ಲಿ ಆಸ್ತಿಯ ಮಾತಾಡುತ್ತಾ ಕಳೆದೆ. ಸೂಜಿ ಹಾಕಿ ತೆಗೆದು ನೋಡಿದರೆ ಅದು ಕ್ಷಯ. ಆರು ತಿಂಗಳ ಮಾತ್ರೆ ನುಂಗಿದೆ, ಹೋಯಿತು. ಕ್ಷಯ ಸಿಕ್ಕಿದ್ದು ಲಾಭವಲ್ಲವೇ ಎಂದು ಕೇಳಿದವರಿದ್ದಾರೆ. ಇರಬಹುದು. ಆ ಹದಿನೇಳು ದಿನಗಳನ್ನು ಯಾವ ಖಾತೆಗೆ ಬರೆಯುವುದೆಂದು ಮಾತ್ರ ನನಗೆ ಇನ್ನೂ ಗೊತ್ತಾಗಿಲ್ಲ.

ಗಾಜಿನ ಪಟ್ಟಿ (ರೋಗಶಾಸ್ತ್ರ ವಿಭಾಗ)

ತೋಟದಮನೆಯವರು ಕೊಟ್ಟ ವರದಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕೆನಿಸಿತು, ಏಕೆಂದರೆ ಮರುತಪಾಸಣೆಯ ತೂಕವೆಲ್ಲ ಆ ನಾಲ್ಕು ಸಾಲುಗಳಲ್ಲಿದೆ.

ಮೊದಲು ಗಡ್ಡೆಯ ಅಗಲವನ್ನಷ್ಟೇ ಅಳೆಯುತ್ತಿದ್ದೆವು. 2018ರಿಂದ ಬಳಕೆಗೆ ಬಂದ ಎಂಟನೆಯ ಆವೃತ್ತಿಯ ಹಂತನಿರ್ಣಯದಲ್ಲಿ ಆಳವೂ ಸೇರಿತು. ಮೇಲೆ ಚಿಕ್ಕದಾಗಿ ಕಂಡು ಒಳಗೆ ಬೇರಿಳಿಸಿದ ಗಡ್ಡೆ, ಮೇಲೆ ಹರಡಿ ಒಳಗಿಳಿಯದ ಗಡ್ಡೆಗಿಂತ ಕೆಟ್ಟದ್ದೆಂಬುದು ಅದರ ತಾತ್ಪರ್ಯ. ನಿಮ್ಮ ತಂದೆಯವರದು 2.8 ಸೆಂಟಿಮೀಟರ್ ಅಗಲ, 8 ಮಿಲಿಮೀಟರ್ ಆಳ, ಇದು ಟಿ-2, ಅಂದರೆ ಗಡ್ಡೆಯ ಲೆಕ್ಕದಲ್ಲಿ ಎರಡನೆಯ ಮೆಟ್ಟಿಲು. ಆಳ 10 ಮಿಲಿಮೀಟರ್ ದಾಟಿದ್ದರೆ ಟಿ-3 ಆಗುತ್ತಿತ್ತು. ಒಂದು ಗ್ರಂಥಿಯಲ್ಲಿ ಕ್ಯಾನ್ಸರ್ ಇದ್ದುದರಿಂದ ಒಟ್ಟಾರೆ ಮೂರನೆಯ ಹಂತ. ಗಡ್ಡೆಯ ಸುತ್ತ ಸೇರಿಸಿ ತೆಗೆದ ಒಳ್ಳೆಯ ಭಾಗದ ಅಂಚು 5 ಮಿಲಿಮೀಟರಿಗಿಂತ ಹೆಚ್ಚಿರುವುದು ಸಮಾಧಾನದ ವಿಷಯ. ಗ್ರಂಥಿಯ ಕವಚ ದಾಟದಿರುವುದು ಅದಕ್ಕಿಂತ ದೊಡ್ಡ ಸಮಾಧಾನ, ಅದು ದಾಟಿದ್ದರೆ ವಿಕಿರಣದ ಜೊತೆಗೆ ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧವನ್ನೂ ಕೊಡಬೇಕಾಗುತ್ತಿತ್ತು. ನರದ ಸುತ್ತ ಹರಡಿಕೆ ಇರುವ ಸಾಲು ಮಾತ್ರ ಕಾವಲನ್ನು ಕೇಳುತ್ತದೆ. ತುಟಿ, ಗಲ್ಲ, ಕೆನ್ನೆಯಲ್ಲಿ ಹೊಸದಾಗಿ ಜೋಮು ಹಿಡಿದಂತಾದರೆ, ಕಿವಿಗೆ ಹೊಡೆಯುವ ನೋವು ಬಂದರೆ, ದಿನಾಂಕಕ್ಕೆ ಕಾಯದೆ ಹೋಗಿ.

ಇನ್ನು ಮುಂದೆ ಬಾಯಲ್ಲಿ ಎಲ್ಲಿಯಾದರೂ ಎರಡು ಮೂರು ವಾರದಲ್ಲಿ ಮಾಯದ ಹುಣ್ಣು, ಉಜ್ಜಿದರೆ ಹೋಗದ ಬಿಳಿ ಮಚ್ಚೆ, ಅದಕ್ಕಿಂತ ಮುಖ್ಯವಾಗಿ ಕೆಂಪು ಮಚ್ಚೆ ಕಂಡರೆ ಉತ್ತರ ಕೊಡುವುದು ಸ್ಕ್ಯಾನ್ ಅಲ್ಲ, ಅಲ್ಲಿಂದ ಬಯಾಪ್ಸಿಗೆ ತೆಗೆದ ಒಂದು ತುಣುಕು. ಬಲಗೆನ್ನೆಯನ್ನೂ ನೋಡುತ್ತಿರಬೇಕು. ವರ್ಷಗಟ್ಟಲೆ ಕವಳ (ಎಲೆಯಡಿಕೆ) ಹಾಕಿದ ಬಾಯಿಯಲ್ಲಿ ಒಂದು ಕಡೆ ಕೆಟ್ಟಿದೆ ಎಂದರೆ ಉಳಿದ ಪದರವೂ ಅದೇ ಮಳೆಯಲ್ಲಿ ನೆನೆದದ್ದೇ. ಮೊದಲ ಕ್ಯಾನ್ಸರ್ ಮರಳುವ ಭಯ ವರ್ಷಗಳು ಕಳೆದಂತೆ ತಗ್ಗಿದರೂ, ಹೊಸದೊಂದು ಹುಟ್ಟುವ ಸಾಧ್ಯತೆ ವರ್ಷದಿಂದ ವರ್ಷಕ್ಕೆ ಮುಂದುವರಿಯುತ್ತದೆ. ಐದು ವರ್ಷದ ಮೇಲೂ ವರ್ಷಕ್ಕೊಮ್ಮೆ ಕರೆಯುವುದು ಅದಕ್ಕೆ.

ಇಷ್ಟಾಗಿಯೂ ವಿಕಿರಣ ಬಿದ್ದ ಜಾಗದಿಂದ ಸಿಕ್ಕ ಸಿಕ್ಕವರು ತುಣುಕು ತೆಗೆಯಬಾರದು. ಆ ಗಾಯ ಮಾಯಲು ತಡವಾಗುತ್ತದೆ. ಅಲ್ಲಿಯ ಜೀವಕೋಶಗಳು ವಿಕಿರಣದಿಂದಲೇ ವಿಕಾರಗೊಂಡು ಸೂಕ್ಷ್ಮದರ್ಶಕದಡಿ ಕ್ಯಾನ್ಸರಿನಂತೆ ಕಾಣುವುದೂ ಉಂಟು. ಕಳುಹಿಸುವ ಚೀಟಿಯಲ್ಲಿ ವಿಕಿರಣವಾಗಿದೆ ಎಂಬ ಒಂದು ಮಾತಿಲ್ಲದೆ ಬರುವ ಮಾದರಿಗಳು ನಮ್ಮನ್ನು ಎಷ್ಟು ಕಾಡುತ್ತವೆ ಎಂದು ಹೊರಗಿನವರಿಗೆ ತಿಳಿಯದು. ಮೊದಲ ಶಸ್ತ್ರಚಿಕಿತ್ಸೆಯ ತುಣುಕುಗಳನ್ನು ಹುದುಗಿಸಿಟ್ಟ ಮೇಣದ ಬ್ಲಾಕುಗಳು ಆಸ್ಪತ್ರೆಯಲ್ಲೇ ಇರುತ್ತವೆ, ಅಗತ್ಯ ಬಿದ್ದರೆ ಪಡೆದು ಇನ್ನೊಬ್ಬರಿಗೆ ತೋರಿಸುವ ಹಕ್ಕು ನಿಮಗಿದೆ.

ಚಾಲಿ-ಕೆಂಪು

ಎಲ್ಲರೂ ಅಡಿಕೆಯನ್ನೇ ದೂರುತ್ತೀರಿ. ಕೆಡಿಸುವುದು ಹೊಗೆಸೊಪ್ಪು. ಬರೀ ಎಲೆ, ಅಡಿಕೆ, ಸುಣ್ಣ ಹಾಕಿ ನಮ್ಮಜ್ಜ ತೊಂಬತ್ತು ವರ್ಷ ಬದುಕಿದರು. ತಂದೆಯವರು ಹೊಗೆಸೊಪ್ಪು ಬಿಟ್ಟರೆ ಸಾಲದೇ?

ಗಾಜಿನ ಪಟ್ಟಿ

ಸಾಲದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಹೊಗೆಸೊಪ್ಪಿಲ್ಲದ ಕವಳವನ್ನೂ, ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ವರ್ಗಕ್ಕೆ ಸೇರಿಸಿದೆ. ಬಾಯಿ ಬಿಗಿದು ಬೆಳ್ಳಗಾಗುವ ರೋಗಕ್ಕೂ ಅಡಿಕೆಯೇ ಮುಖ್ಯ ಕಾರಣ. ನನ್ನ ತಾಯಿಯ ಮನೆಯೂ ಅಡಿಕೆಯಿಂದಲೇ ಉಂಡದ್ದು, ಇದನ್ನು ಬರೆಯುವಾಗ ನನಗೇನೂ ಸಂತೋಷವಾಗುವುದಿಲ್ಲ. ಚಿಕಿತ್ಸೆ ಪಡೆದ ಬಾಯಿಗೆ ಒಂದು ಹೋಳೂ ಹೋಗಬಾರದು. ಅಜ್ಜನವರ ಬಗ್ಗೆ ಸಂತೋಷ. ಹಾಗೆ ಬದುಕಿದವರು ನಮ್ಮ ಪ್ರಯೋಗಾಲಯಕ್ಕೆ ಬರುವುದಿಲ್ಲ.

ತೋಟದಮನೆ

ತಂದೆಯವರಿಗೆ ಈ ಪುಟವನ್ನು ಪೂರ್ತಿ ಓದಿ ಹೇಳಿದೆ. ಕಡ್ಡಿಯ ವಿಷಯ ಹಿಡಿಸಿತು. ಬರಲು ಒಪ್ಪಿದ್ದಾರೆ, ಆದರೆ ಪ್ರತಿ ಸಲ ಇಬ್ಬರ ಖರ್ಚು, ಒಂದು ದಿನದ ಕೋಣೆ ಎಂದು ಲೆಕ್ಕ ಹಾಕುತ್ತಿದ್ದಾರೆ. ಕೆಲವು ತಪಾಸಣೆಗಳನ್ನು ಹತ್ತಿರದಲ್ಲಿ ಮಾಡಿಸಬಹುದೇ?

ಶ್ವೇತವಸ್ತ್ರ

ಕೇಳಿ ನೋಡಿ, ಕೇಳಿದರೆ ಬೈಯುವುದಿಲ್ಲ. ಮೊದಲ ಎರಡು ವರ್ಷ ಶಸ್ತ್ರಚಿಕಿತ್ಸೆ ಮಾಡಿದವರೇ ನೋಡುವುದು ಒಳ್ಳೆಯದು. ಆಮೇಲೆ ಒಂದು ಬಿಟ್ಟು ಒಂದನ್ನು ಹತ್ತಿರದ ಕ್ಯಾನ್ಸರ್ ವೈದ್ಯರ ಬಳಿ ಮಾಡಿಸಲು ಹಲವರು ಒಪ್ಪುತ್ತಾರೆ, ಪತ್ರವನ್ನೂ ಬರೆದುಕೊಡುತ್ತಾರೆ. ಈಗ ಬೆಂಗಳೂರೊಂದೇ ಗತಿ ಎಂಬ ಕಾಲವಲ್ಲ. ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಮೈಸೂರುಗಳಲ್ಲಿ ಕ್ಯಾನ್ಸರ್ ಚಿಕಿತ್ಸೆ ಇದೆ, ಕಲಬುರಗಿಯಲ್ಲಿ ಕಿದ್ವಾಯಿಯ ಕೇಂದ್ರವೇ ಇದೆ.

ರೈಲಿನ ರಿಯಾಯಿತಿ ಪಡೆಯುತ್ತಿದ್ದೀರಾ? ಅದು ಚಿಕಿತ್ಸೆಗೆ ಹೋಗುವವರಿಗಷ್ಟೇ ಎಂದು ಬಹಳ ಜನ ತಿಳಿದಿದ್ದಾರೆ. ನಿಯತ ತಪಾಸಣೆಗೆ ಹೋಗುವ ಕ್ಯಾನ್ಸರ್ ರೋಗಿಗೂ ಅನ್ವಯಿಸುತ್ತದೆ. ಸ್ಲೀಪರ್ ಮತ್ತು ಮೂರನೆಯ ಎ.ಸಿ. ದರ್ಜೆಗಳಲ್ಲಿ ರೋಗಿಗೆ ಪೂರ್ತಿ, ಜೊತೆಗೆ ಹೋಗುವ ಒಬ್ಬರಿಗೆ ಶೇಕಡಾ 75 ರಿಯಾಯಿತಿ. ನಿಗದಿತ ನಮೂನೆಯಲ್ಲಿ ಆಸ್ಪತ್ರೆಯ ಪ್ರಮಾಣಪತ್ರ ಬೇಕು, ಟಿಕೆಟನ್ನು ನಿಲ್ದಾಣದ ಕೌಂಟರಿನಲ್ಲಿ ಪಡೆಯಬೇಕು. ತಾಳಗುಪ್ಪದಿಂದ ಬರುವ ರಾತ್ರಿ ರೈಲು ನಿಮ್ಮ ಸಾಗರದ ಮೇಲೆಯೇ ಬರುತ್ತದಲ್ಲ. ಬೆಳಿಗ್ಗೆ ಇಳಿದು, ತೋರಿಸಿ, ರಾತ್ರಿ ಅದರಲ್ಲೇ ಮರಳಿದರೆ ಕೋಣೆಯ ಖರ್ಚೂ ಇಲ್ಲ.

ಹೊರಡುವ ಮುಂಚೆ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ, ಕೋಣೆಯೊಳಗೆ ಹೋದಮೇಲೆ ಎಲ್ಲರಿಗೂ ಮರೆತುಹೋಗುತ್ತದೆ. ಹಲ್ಲಿನ ವಿಷಯವನ್ನು ಮೊದಲ ಸಾಲಿನಲ್ಲಿ ಬರೆಯಿರಿ.

ತೋಟದಮನೆ

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಹೋಗಿ ಬಂದೆವು.

ಟಿ.ಎಸ್.ಎಚ್. 38 ಬಂತು. ಸಹಜವಾಗಿ ಹೆಚ್ಚೆಂದರೆ 4 ಇಲ್ಲವೇ 5 ಇರಬೇಕಂತೆ. ಥೈರಾಯ್ಡ್ ಮಾತ್ರೆ ಆರಂಭಿಸಿದ್ದಾರೆ. ಆರು ವಾರ ಬಿಟ್ಟು ಮತ್ತೆ ನೋಡಬೇಕು. ಮಧ್ಯಾಹ್ನದ ಕಂಬಳಿಗೆ ಕಾರಣ ವಯಸ್ಸಲ್ಲ ಎಂದು ಕೇಳಿ ತಂದೆಯವರ ಮುಖ ನೋಡುವಂತಿತ್ತು.

ಆ ಹಲ್ಲಿರುವ ಮೂಳೆಗೆ ಸುಮಾರು 60 ಗ್ರೇ ಬಿದ್ದಿದೆಯಂತೆ. ಕೀಳದೆ ಬೇರುನಾಳದ ಚಿಕಿತ್ಸೆ ಮಾಡಿದರು. ಬಾಯಿ ಅಷ್ಟೇ ತೆರೆಯುವುದರಿಂದ ದಂತವೈದ್ಯರಿಗೆ ಒಂದೂವರೆ ಗಂಟೆ ಹಿಡಿಯಿತು. ರಾತ್ರಿ ಹಚ್ಚಿಕೊಳ್ಳಲು ಫ್ಲೋರೈಡ್ ಜೆಲ್ ಕೊಟ್ಟಿದ್ದಾರೆ.

ಎಡಗೆನ್ನೆಯ ಅಂಚು, ಕುತ್ತಿಗೆ ಎರಡೂ ಚೆನ್ನಾಗಿವೆ ಎಂದರು. ಬಲಗೆನ್ನೆಯ ಹಿಂಭಾಗದಲ್ಲಿ, ಕನ್ನಡಿಯಲ್ಲಿ ನಮಗಾರಿಗೂ ಕಾಣದಿದ್ದ ಕಡೆ, ಉಗುರಿನಷ್ಟು ಬಿಳಿ ಮಚ್ಚೆಯೊಂದು ಅವರ ಕಣ್ಣಿಗೆ ಬಿತ್ತು. ಅದೇ ದಿನ ತುಣುಕು ತೆಗೆದರು. ಮೊನ್ನೆ ವರದಿ ಬಂತು: ಮಧ್ಯಮ ಪ್ರಮಾಣದ ಡಿಸ್‌ಪ್ಲೇಸಿಯ (ಜೀವಕೋಶಗಳು ಕೆಡಲಾರಂಭಿಸಿವೆ), ಕ್ಯಾನ್ಸರ್ ಇಲ್ಲ. ಅದನ್ನು ಪೂರ್ತಿ ತೆಗೆದುಬಿಡುವುದು ವೈದ್ಯರ ಸಲಹೆ. ಸಣ್ಣ ಕೆಲಸ, ಅಂದೇ ಮನೆಗೆ ಕಳುಹಿಸುತ್ತಾರಂತೆ.

ಐಸ್‌ಕ್ರೀಂ ಕಡ್ಡಿಗಳನ್ನು ಸಾಗರದ ಅಂಗಡಿಯಿಂದ ಒಂದು ಕಟ್ಟು ತಂದಿದ್ದೇನೆ. 13ರಲ್ಲಿ ಆರಂಭಿಸಿ ಈಗ 15ಕ್ಕೆ ಬಂದಿದ್ದಾರೆ. ಅಡಿಕೆ ಸುಲಿಯುವವರ ಜೊತೆ ಕುಳಿತು ಕಡ್ಡಿ ಕಚ್ಚಿಕೊಂಡಿರುತ್ತಾರೆ, ಮಾತಾಡಲಾಗದು, ಹೋಳು ಬಾಯಿಗೆ ಹಾಕಿಕೊಳ್ಳಲೂ ಆಗದು. ಮಚ್ಚೆ ತೆಗೆಸುವ ದಿನಾಂಕ ಫೆಬ್ರುವರಿಯಲ್ಲಿದೆ. ಅಷ್ಟರೊಳಗೆ ಬೇಯಿಸಿ ಒಣಗಿಸುವ ಕೆಲಸ ಮುಗಿದಿರುತ್ತದೆ ಎಂದು ಅವರೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ರಾತ್ರಿ ರೈಲಿನಲ್ಲಿ ಕೆಳಗಿನ ಬರ್ತೇ ಸಿಗಬೇಕೆಂದು ನನಗೆ ತಾಕೀತು ಮಾಡಿದ್ದಾರೆ.